ರಫೂ ಅಕ್ಕನ ಮನೆಯ ನುಸಿ ಪಾಠ

ಉಣ್ಣೆ ಬಟ್ಟೆಯಲ್ಲಿ ನುಸಿ ಕೊರೆದ ತೂತನ್ನು, ಅದು ಇತ್ತೆಂದೇ ಗೊತ್ತಾಗದಂತೆ ಮುಚ್ಚಿಕೊಡುವುದು ಅವಳ ಕಸುಬು. ಬೀದಿಗೆಲ್ಲ ಅವಳು ರಫೂ ಅಕ್ಕ. ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತು, ಕೋಟಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ತೂತಿನ ಮೇಲೆ ಅಡ್ಡ ಉದ್ದ ಹೆಣೆಯುತ್ತಿದ್ದಳು. ನುಸಿ ಇಲ್ಲದಿದ್ದರೆ ಅವಳ ಮನೆಯ ಒಲೆ ಉರಿಯುತ್ತಿರಲಿಲ್ಲ, ನಿಜ. ಆದರೂ ಕಂಡ ನುಸಿಯನ್ನು ಅವಳು ಜೀವಸಹಿತ ಬಿಟ್ಟದ್ದಿಲ್ಲ. ಬಂದ ಕೋಟನ್ನು ಅಂಗಳದಲ್ಲೇ ಕೊಡವಿ, ಉದುರಿದ್ದಕ್ಕೆಲ್ಲ ಕುದಿನೀರು ಸುರಿದೇ ಒಳಗೆ ತರುವುದು. ಒಂದು ಹುಳ ನುಸುಳಿದರೂ ಗಿರಾಕಿಗಳ ಬಟ್ಟೆಯ ಗತಿ ಮುಗಿದಂತೆ.

ಇಂಥವಳು ಮಗಳಿಗೆ ವಿಜ್ಞಾನ ಪಾಠ ಮಾಡಬೇಕಾಗಿ ಬಂತು. ಮನೆಯವರು ಗುಬ್ಬಿ ಎಂದು ಕರೆಯುವ ಆ ಹುಡುಗಿ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಯಾಕೆಂದು ಶಾಲೆಯವರಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ಮೌನ ಮನೆಯವರೆಗೂ ಬಂದಾಗ ತಾಯಿ ಹೆದರಿ, ಶಾಲೆ ಬಿಡಿಸಿ, ಮನೆಯಲ್ಲೇ ಓದಿಸತೊಡಗಿದಳು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಮಾತ್ರ ತಲೆಬುಡ ತಿಳಿಯುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸೋಕೆ ನನ್ನ ಕನ್ನಡಕ ಕೇಳುವವಳು ಟೀಚರಾದಳು ಎಂದು ಅತ್ತೆ ನಗುತ್ತಿದ್ದರು. ನಕ್ಕರೂ ಪಾಠದ ಹೊತ್ತಿಗೆ ತಪ್ಪದೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು.

ಕೀಟಗಳ ಪಾಠ ಬಂದಾಗ, ಯಾವುದಾದರೂ ಒಂದು ಹುಳ ಸಾಕಿ ನೋಡು ಎಂದು ಪುಸ್ತಕದಲ್ಲಿದ್ದದ್ದನ್ನೇ ಮಗಳಿಗೆ ಹೇಳಿ ಅವಳು ತನ್ನ ಕೆಲಸಕ್ಕೆ ಕೂತಳು. ಚಿಟ್ಟೆಯ ಹುಳವನ್ನೋ ಇರುವೆಯನ್ನೋ ತಂದಾಳು ಎಂದುಕೊಂಡಿದ್ದಳು. ಕೆಲವು ವಾರಗಳಲ್ಲಿ ಗುಬ್ಬಿಗೆ ಮಾತು ಮರಳಿತು. ಊಟಕ್ಕೆ ಕೂತರೆ ಹುಳದ ಸುದ್ದಿ, ತಲೆ ಬಾಚುವಾಗ ಹುಳದ ಸುದ್ದಿ. ಅದು ಗೂಡನ್ನು ಹೊತ್ತುಕೊಂಡೇ ತಿರುಗುತ್ತದಂತೆ, ಗೂಡು ಚಿಕ್ಕದಾದರೆ ಉದ್ದ ಮಾಡಿಕೊಳ್ಳುತ್ತದಂತೆ. ತಾಯಿ ದಾರ ಕಚ್ಚಿಕೊಂಡೇ ಹೂಂಗುಟ್ಟುತ್ತಿದ್ದಳು. ಯಾವ ಹುಳ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಮಾತು ಬಂತಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು.

ಒಂದು ಮಧ್ಯಾಹ್ನ ಮಂಚದ ಕೆಳಗೆ ಗುಡಿಸುವಾಗ ಬಾಟಲಿ ಸಿಕ್ಕಿತು. ಬಾಯಿಗೆ ತೆಳುಬಟ್ಟೆ ಕಟ್ಟಿತ್ತು. ಒಳಗೆ ತನ್ನದೇ ಕೆಂಪು, ನೀಲಿ ಉಣ್ಣೆಯ ಚೂರುಗಳು. ಅವುಗಳ ಮೇಲೆ ಹುಳ ಹೊತ್ತ ಗೂಡುಗಳು, ಅಕ್ಕಿಕಾಳಿನಂಥ ಕೊಳವೆಗಳು, ತೆವಳುತ್ತಿದ್ದವು. ಅಂಗಳದಲ್ಲಿ ಕುದಿನೀರಿನಿಂದ ತಪ್ಪಿಸಿಕೊಂಡ ನುಸಿಹುಳಗಳನ್ನು ಗುಬ್ಬಿ ಆಯ್ದು ತಂದಿದ್ದಳು. ತಲೆ ಯೋಚಿಸುವ ಮೊದಲೇ ಕೈ ಕೆಲಸ ಮುಗಿಸಿತ್ತು, ಒಲೆಯ ಮೇಲಿನ ಕುದಿನೀರು ಬಾಟಲಿಯೊಳಗಿತ್ತು. ತಿರುಗಿದರೆ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು.

ಹುಡುಗಿ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಮತ್ತೆ ಬಾಯಿಗೆ ಬೀಗ ಬಿತ್ತು. ಮರುದಿನವೂ ಮಾತಿಲ್ಲ, ಆಮೇಲೂ ಇಲ್ಲ. ತಾಯಿಗೆ ದಿಕ್ಕೇ ತೋಚಲಿಲ್ಲ. ನುಸಿ ಕೊಂದರೆ ತಪ್ಪಾಗುವುದು ಯಾವ ಲೋಕದಲ್ಲಿ? ಆದರೆ ಹುಳ ಸಾಕು ಎಂದವಳೂ ತಾನೇ. ಸತ್ತವನ್ನು ಬಟ್ಟೆಯ ಮೇಲೆ ಸುರಿದು ನೋಡಿದಳು. ಒಂದು ಕೊಳವೆಯ ನಡುಭಾಗ ಕೆಂಪು, ಎರಡೂ ತುದಿ ನೀಲಿ. ಕೆಂಪು ತಿಂದಾಗ ಕೆಂಪು ಹೆಣೆದು, ನೀಲಿ ಕೊಟ್ಟಾಗ ಎರಡೂ ಕಡೆ ನೀಲಿ ಸೇರಿಸಿಕೊಂಡಿತ್ತು. ಒಂದು ಎಳೆಯೂ ಸಡಿಲವಿರಲಿಲ್ಲ.

ಅತ್ತೆ ಹೆಗಲ ಮೇಲಿಂದ ಇಣುಕಿ, "ಇದೂ ನಿನ್ನ ಕಸುಬಿನದೇ ಕಣೆ," ಎಂದರು.

ಅಂದಿನಿಂದ ಅವಳ ಕೆಲಸವೇ ತಲೆಕೆಳಗಾಯಿತು. ಬಂದ ಕೋಟನ್ನು ಕೊಡವುವ ಮೊದಲು ಜೇಬಿನ ಮೂಲೆ, ತೋಳಿನ ಮಡಿಕೆಯಲ್ಲೆಲ್ಲ ಜೀವಂತ ಹುಳಕ್ಕಾಗಿ ತಡಕತೊಡಗಿದಳು. ಬೇಡವೆಂದಾಗ ದಂಡಿಯಾಗಿ ಉದುರುತ್ತಿದ್ದದ್ದು ಈಗ ಬೇಕೆಂದರೆ ಇಲ್ಲ. ಕೊನೆಗೆ ತನ್ನದೇ ಬೀರುವಿನಲ್ಲಿ, ರಫೂ ಮುಗಿಸಿ ಇಟ್ಟಿದ್ದ ಬೂದು ಕೋಟಿನ ಕಾಲರಿನ ಕೆಳಗೆ ಒಂದು ಬೂದು ಕೊಳವೆ ಸಿಕ್ಕಿತು. ಸೂಜಿಯ ಮೊನೆಯಿಂದ ನಾಜೂಕಾಗಿ ಬಿಡಿಸಿ, ಅಂಗೈಯಲ್ಲಿಟ್ಟು ಮಗಳ ಮುಂದೆ ಹಿಡಿದಳು.

"ತಗೋ, ಸಾಕ್ಕೋ. ಈ ಸಲ ನಾನು ಮುಟ್ಟಲ್ಲ."

ಗುಬ್ಬಿ ಅದನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು.

"ಇದು ಖಾಲಿ ಅಮ್ಮ. ಒಳಗಿದ್ದದ್ದು ರೆಕ್ಕೆ ಬಂದು ಹೋಗ್ಬಿಟ್ಟಿದೆ."

ತಾಯಿ ಮಗಳ ಹತ್ತಿರಕ್ಕೆ ಬಾಗಿದಳು. ಎಲ್ಲಿಗೆ ಹೋಗಿರಬಹುದು ಎಂದು ಮೆಲ್ಲಗೆ ಕೇಳಿದಳು.

"ಬೀರು ಒಳಗೇ ಇರತ್ತೆ. ಕತ್ತಲೆ ಅಂದ್ರೆ ಅದಕ್ಕಿಷ್ಟ. ಕೋಟುಗಳಲ್ಲೆಲ್ಲ ಮೊಟ್ಟೆ ಇಟ್ಟಿರತ್ತೆ."

ಗಿರಾಕಿಗಳ ಬಟ್ಟೆ ತುಂಬಿದ ಬೀರು. ಅವಳ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಇರಲಿಲ್ಲ. ಆದರೂ ಮಗಳ ಬಾಯಲ್ಲಿ ಮತ್ತೆ ಮಾತು ಬಂದ ಸಂತೋಷವೇ ಹೆಚ್ಚಾಯಿತು. ಇದೆಂಥ ಹುಚ್ಚು ಎಂದು ಅವಳಿಗೇ ಅರ್ಥವಾಗಲಿಲ್ಲ. ಬೀರುವಿನ ಬಾಗಿಲನ್ನು ಪೂರ್ತಿ ತೆರೆದು, ಮಗಳ ಪಕ್ಕ ನೆಲದ ಮೇಲೆ ಕೂತಳು.

"ಮೊಟ್ಟೆ ಹೇಗಿರತ್ತೆ?" ಎಂದಳು. "ನಿಧಾನವಾಗಿ ಹೇಳು. ಎಲ್ಲಾ ಹೇಳು."