ಅಪ್ಪನ ಗಾಡಿಗಿ ಹೊಸ ಎಂಜಿನ್

ನಮ್ಮಣ್ಣನ ಬಗ್ಗಿ ನಾಕು ಛಲೋ ಮಾತು ಬರೀಬೇಕಂತ ಕುಂತೀನಿ, ಕೈ ಏಳವಲ್ದು. ಇರ್ಲಿ ಬಿಡ್ರಿ, ಗಾಡಿ ಬಗ್ಗಿ ಬರೀತೀನಿ.

ಅಪ್ಪಂದು ಹಳೇ ಸ್ಟೇಷನ್ ವ್ಯಾಗನ್, ಹಿಂದ ಉದ್ದಕ ಜಾಗ ಇದ್ದದ್ದು. ಶಹಾಬಾದಿ ಫರಸಿ ಕಲ್ಲಿನ ವ್ಯಾಪಾರ ನಮ್ಮದು. ಗಿರಾಕಿಗೋಳಿಗಿ ತೋರಸ್ಲಿಕ್ಕ ಒಂದೆರಡು ಕಲ್ಲು ಯಾವಾಗ್ಲೂ ಅದರಾಗೇ ಬಿದ್ದಿರ್ತಿದ್ವು. ಸೇಡಂದಾಗ ನಮ್ಮ ಓಣಿಗಿ ಹೊಳ್ಳಿದ ಕೂಡ್ಲೇ ಅದರ ಪೆಟ್ರೋಲ್ ಎಂಜಿನ್ ಕೆಮ್ಮತಿತ್ತು. ಬಾಗಿಲ ಮುಂದ ನಿಂದ್ರಿಸಿ, ಬಂದ್ ಮಾಡೋಕಿಂತ ಮೊದಲ ಅಪ್ಪ ಒಮ್ಮಿ ಜೋರಾಗಿ ರೇಸ್ ಕೊಡ್ತಿದ್ದ. ಯಾಕಪ್ಪಾ ಅಂದ್ರ, "ನಿಮ್ಮವ್ವಗ ಗೊತ್ತಾಗ್ಲಿ" ಅಂತಿದ್ದ. ಅವ್ವ ತಂಬಗಿ ತುಂಬಿಕೊಂಡು ಹೊರಗ ಬಂದು ಅವನ ಕಾಲಿಗಿ ನೀರು ಹಾಕಾಕಿ. ಮನಿ ಯಜಮಾನಗ ಕಾಲಿಗಿ ನೀರು, ಬಂದ ಮಂದಿಗಿ ಕುಡೀಲಿಕ್ಕ ನೀರು, ಇದು ಆಕಿ ಲೆಕ್ಕ. ಅವನು ಉಂಡ ಮ್ಯಾಲೇ ಆಕಿ ಉಣ್ಣಾಕಿ.

ಅಪ್ಪ ಸತ್ತ. ಅವ್ವ ಅತ್ತು ಅತ್ತು ಸಾಕಾದಳು, ಆಮ್ಯಾಲೆ ಅವನು ಸತ್ತದ್ದೇ ಮರ್ತಳು. ನಮ್ಮ ಹೆಸರು ಮರ್ತಳು, ಮುಖ ಮರ್ತಳು, ಗಾಡಿ ಸಪ್ಪಳ ಮಾತ್ರ ಮರೀಲಿಲ್ಲ. ಸಂಜಿಕ ಅಣ್ಣ ಅದೇ ಗಾಡಿ ತಗೊಂಡು ಬಂದ್ರ ತಂಬಗಿ ಹಿಡಕೊಂಡು ಓಡಾಕಿ. ತಲಿ ತಗ್ಗಿಸಿ ಅವನ ಕಾಲಿಗಿ ನೀರು ಹಾಕಾಕಿ, ಮುಖ ನೋಡ್ತಿರಲಿಲ್ಲ. ಒಳಗ ಬಂದು "ಅವರು ಬಂದ್ರು" ಅಂತ ನನಗ ಹೇಳಿ, ಅಣ್ಣ ಉಂಡ ಮ್ಯಾಲೆ ಖುಷೀಲೆ ಎರಡು ರೊಟ್ಟಿ ಉಣ್ಣಾಕಿ. ಒಮ್ಮಿ ನಾನು ಖರೇ ಹೇಳಿದ್ದೆ, ಅಪ್ಪ ಇಲ್ಲ ಅಂತ. ಹೆಣ ಈಗ ಎತ್ಯಾರೇನೋ ಅನ್ನಂಗ ಎದಿ ಬಡಕೊಂಡಳು. ಅವತ್ತಿಂದ ನಾನು ಆ ಮಾತು ಎತ್ತಲಿಲ್ಲ. ನನ್ನ ಕೈಯಾಗಿನ ಬಳಿ ಯಾರು ತಗದಾರ ಅಂತ ಆಕಿ ಬೋಳು ಕೈ ತೋರಿಸಿ ಕೇಳಿದಾಗ ನಾನೇ ಹಸರ ಬಳಿ ತೊಡಿಸಿದೆ. ಓಣಿ ಮಂದಿ ಬಾಯಿಗಿ ಬಂದಂಗ ಅಂದ್ರು. ಅನ್ನಲಿ, ಅವರ ಗಂಟೇನು ಹೋತದ!

ಈಗ ನಮ್ಮಣ್ಣನ ಆಟ ಕೇಳ್ರಿ. ಮಧ್ಯಾಹ್ನದಾಗ ಕಟ್ಟಿ ಮ್ಯಾಲೆ ಗೆಳ್ಯಾರನ್ನ ಕೂಡಿಸಿಕೊಂಡು ಗಾಡಿ ಚಾಲೂ ಮಾಡಿ ರೇಸ್ ಕೊಡ್ತಿದ್ದ. ಅವ್ವ ತಂಬಗಿ ತಗೊಂಡು ಓಡಿ ಬರ್ತಿದ್ದಳು. ಇವನು ಬಂದ್ ಮಾಡಿ ಸುಮ್ಮ ಕುಂದ್ರವ. ಆಕಿ ಅತ್ತಾಗ ಇತ್ತಾಗ ನೋಡಿ ಒಳಗ ಹೋಗಾಕಿ, ಮತ್ತ ರೇಸ್. "ನಮ್ಮ ಮುದುಕಿ ಬ್ಯಾಟರಿ ಇನ್ನಾ ಛಲೋ ಅದ" ಅಂತ ಅಂದು ನಗವ, ಗೆಳ್ಯಾರೂ ನಗವರು. ಬೆಕ್ಕಿಗಿ ಚೆಲ್ಲಾಟ, ಇಲಿಗಿ ಪ್ರಾಣಸಂಕಟ. ಒಂದಿನ ಆಕಿ ಚೆಲ್ಲಿದ ನೀರಾಗ ಜಾರಿ ಬಿದ್ದು ಮೊಣಕಾಲು ಒಡಕೊಂಡಳು, ಆಗೂ ನಕ್ಕರು. ನಾನು ಕೀಲಿ ಕಸಗೊಂಡು ಗಟಾರಕ್ಕ ಒಗದೆ.

ಮುಂದ ಎಂಜಿನ್ ಹೊಗಿ ಉಗುಳ್ಳಿಕತ್ತಿತು. ವಾಡಿಯೊಳಗಿನ ಮಿಸ್ತ್ರಿ ಎರಡು ದಾರಿ ಹೇಳಿದ: ಸವದ ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿ ಇದನ್ನೇ ಉಳಿಸ್ರಿ, ಇಲ್ಲಂದ್ರ ಇದನ್ನ ಇಳಿಸಿ ಜೀಪಿನ ಡೀಸೆಲ್ ಎಂಜಿನ್ ಕೂಡಿಸ್ರಿ.

"ಡೀಸೆಲ್ಲೇ ಹಾಕಿಸ್ತೀನಿ. ಚಿಂಚೋಳಿ ಏರಿಗಿ ಕಲ್ಲು ಹೇರಿದ್ರ ಇದು ಸಾಯ್ತದ" ಅಂದ ಅಣ್ಣ.

"ಆ ಸಪ್ಪಳ ಕೇಳಿ ಅವ್ವ ತುತ್ತು ಎತ್ತತಾಳ. ಬೋರ್ ಮಾಡಿಸು" ಅಂದೆ.

"ಮುದುಕಿ ಸಲುವಾಗಿ ಗಾಡಿ ಇಡಬೇಕೇನು? ಡೀಸೆಲ್ ಬಂದ್ರ ಆಕಿ ಓಡೋದೂ ತಪ್ತದ, ನೀ ಒದರೋದೂ ತಪ್ತದ."

ಎಂಥಾ ನಾಲಿಗಿರೀ ಅದು! ತಾನೇ ಓಡಿಸಿ, ಈಗ ತಾನೇ ಉಪಕಾರ ಮಾಡವನಂಗ. "ನಾ ಹೇಳೋತನಕ ಮುಟ್ಟಬ್ಯಾಡ" ಅಂದೆ. ಹೂಂ ಅಂದ. ನಾನು ಚಿತ್ತಾಪುರದ ಸಾಲಿಯೊಳಗ ಟೀಚರ್. ಆ ವಾರ ತರಬೇತಿಗಂತ ಚಿಂಚೋಳಿಗಿ ಕಳಿಸಿದ್ರು. ತಿರುಗಿ ಬಂದ ದಿನ, ಸಂಜಿಕ, ಮನಿ ಮುಂದ ಘಡಘಡ ಅಂತ ಗಿರಣಿ ಬಂದು ನಿಂತಂಗಾತು. ಅಪ್ಪನ ಗಾಡಿ, ಒಳಗ ಬ್ಯಾರೆ ಎಂಜಿನ್.

ಗೆಳ್ಯಾರು ನೋಡ್ಲಿಕ್ಕ ಕೂಡಿದ್ರು. ಅಣ್ಣ ಹುರುಪಿಲೆ ರೇಸ್ ಕೊಟ್ಟ. ಅವ್ವ ಬರಲಿಲ್ಲ. ಮತ್ತ ಕೊಟ್ಟ. ಆಗ ಆಕಿ ಸೆರಗು ತಲಿ ಮ್ಯಾಲೆ ಎಳಕೊಂಡು ಹೊಸ್ತಿಲಿಗಿ ಬಂದಳು. ಕೈಯಾಗ ತಂಬಗಿ ಇರಲಿಲ್ಲ, ಗ್ಲಾಸಿತ್ತು.

"ಮನಿಯಾಗ ಗಂಡಸರಿಲ್ರಿ. ಕಟ್ಟಿ ಮ್ಯಾಲೆ ಕುಂದ್ರಿ, ನೀರು ಕುಡೀರಿ. ಅವರು ಬರೋ ಹೊತ್ತಾತು."

"ಯವ್ವಾ, ನಾನು!" ಅಂದ ಅಣ್ಣ.

"ಹೌದ್ರಿ. ಅವರು ಬಂದ ಮ್ಯಾಲೆ ಬರ್ರಿ" ಅಂತ ಅಂದು ಒಳಗಿಂದ ಚಿಲಕ ಹಾಕಿದಳು.

ಗೆಳ್ಯಾರು ಬಿದ್ದು ಬಿದ್ದು ನಕ್ಕರು, ಈ ಸಲ ಇವನಿಗಿ. ಒಳಗ ನಿಂತಿದ್ದ ನನಗ ಹೊಟ್ಟಿ ತಣ್ಣಗಾತು, ಸುಳ್ಳ್ಯಾಕ ಹೇಳ್ಲಿ. ಮಾಡಿದ್ದುಣ್ಣೋ ಮಹಾರಾಯ! ಆದ್ರ ಅವ್ವನ ತಾಟು ಮುಂದಿಟ್ಟಾಗ ಆಕಿ ಸರಿಸಿಬಿಟ್ಟಳು. "ಅವರು ಇನ್ನಾ ಬಂದಿಲ್ಲ." ಮರುದಿನಾನೂ ಅಷ್ಟೇ. ತುತ್ತು ಮಾಡಿ ಬಾಯಾಗ ಇಟ್ರ ಉಗುಳಿದಳು. ಒಂದೀಟು ಹಾಲು ಗುಟುಕರಿಸಿದ್ರ ಅದೇ ದೊಡ್ಡದು.

ಅಣ್ಣ ವಾಡಿಗಿ ಓಡಿದ, ಹಳೇ ಎಂಜಿನ್ ತಿರುಗಿ ಹಾಕಸ್ಲಿಕ್ಕ. ಅದನ್ನ ಸುತ್ತಿಗಿಲೆ ಒಡದು ಗುಜರಿಗಿ ಹಾಕಿಬಿಟ್ಟಿದ್ರು. "ನೀವೇ ಬ್ಯಾಡ ಅಂದಿದ್ರಿ" ಅಂದನಂತ ಮಿಸ್ತ್ರಿ.

ಅವ್ವನ ಹಸರ ಬಳಿ ಈಗ ಮೊಣಕೈತನಕ ಜಾರ್ತಾವ. ಅಣ್ಣ ಗಾಡಿ ಓಣಿ ತುದಿಗೇ ಬಿಟ್ಟು ನಡಕೋತ ಬರ್ತಾನ. ಚಪ್ಪಲಿ ಕಳದು, ಧೂಳು ಹತ್ತಿದ ಕಾಲು ಹೊಸ್ತಿಲ ಮುಂದ ಚಾಚಿ ನಿಂದ್ರತಾನ. "ಯವ್ವಾ, ಕಾಲಿಗಿ ನೀರು ಹಾಕು" ಅಂತಾನ.

ಅವ್ವ ಗ್ಲಾಸು ಮುಂದ ಚಾಚತಾಳ.

"ಆ ನೀರು ನಮ್ಮ ಮನಿಯವ್ರಿಗಿ ಇಟ್ಟದ್ದು ಅದರಿ. ನೀವು ಇದು ಕುಡೀರಿ."