ದಾಡಿ ದಿನದ ಗುಳಿಗೆ

ಡಾಕ್ಟರು ನಕ್ಕರೋ ಬೈದರೋ ಎಂಬುದು ನನಗೆ ಈಗಲೂ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗುತ್ತಾರೆ. ಅತ್ತೆಯನ್ನು ಕೇಳಿದರೆ, "ನಗಾದೆಲ್ಲಿ ಬಂತು, ಚೆನ್ನಾಗಿ ಬೈದ್ರು" ಎನ್ನುತ್ತಾಳೆ. ಮಾವನದು ಇನ್ನೊಂದು ತಕರಾರು: "ಲೇ ಅಳಿಯಾ, ನೀನು ಒಳಗೆ ಎಲ್ಲಿದ್ದಿ? ಗಾಡಿ ನಿಲ್ಸಾಕೆ ಜಾಗ ಸಿಗ್ಲಿಲ್ಲ ಅಂತ ಹೊರಗೇ ಸುತ್ತುತಿದ್ದಿ." ಹಾಗಿದ್ದರೆ ಆ ಕನ್ನಡಕವನ್ನು ನಾನು ನೋಡಿದ್ದು ಯಾವಾಗ?

ಮಾವ ಎಂದರೆ ನನ್ನ ತಾಯಿಯ ತಮ್ಮ; ಅತ್ತೆ ಅವನ ಹೆಂಡತಿ. ಹರಿಹರದ ಪೇಟೆಯಲ್ಲಿ ಬಟ್ಟೆ ಅಂಗಡಿ. ಎದೆನೋವು ಬಂದು ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅಲ್ಲೇ ಸರಸ್ವತಿ ನಗರದ ನಮ್ಮ ಮನೆಯಲ್ಲಿ ಕೆಲವು ದಿನ ಇದ್ದ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಗುಳಿಗೆ ಬರೆದಿದ್ದರು. ಒಂದು ದಿನವೂ ತಪ್ಪಿಸಬೇಡಿ ಎಂದು ಹೇಳಿಯೂ ಕಳಿಸಿದ್ದರು. ಮಾವ ಎಲ್ಲಕ್ಕೂ ತಲೆಯಾಡಿಸಿದ್ದ. ಗಿರಾಕಿಗಳ ಮುಂದೆ ತಲೆಯಾಡಿಸಿ ಅಭ್ಯಾಸವಾದ ಮನುಷ್ಯ.

ಹರಿಹರಕ್ಕೆ ಮರಳಿದ ಮೇಲೆ ತೊಂದರೆ ಶುರುವಾದದ್ದು ಕಟಿಂಗ್ ಶಾಪಿನಲ್ಲಿ. ಗಡ್ಡ ಬಿಟ್ಟುಕೊಂಡು ಅಂಗಡಿಯ ಗಾದಿ ಹತ್ತುವುದು ಮಾವನಿಗೆ ಗೊತ್ತೇ ಇಲ್ಲ. ಒಂದು ಬೆಳಿಗ್ಗೆ ಗದ್ದಕ್ಕೆ ಸಣ್ಣ ಗೀರು ಬಿತ್ತು. ಪಟಿಕ ಉಜ್ಜಿದರೂ ರಕ್ತ ನಿಲ್ಲಲೊಲ್ಲದು.

"ಏನ್ರಿ ಸಾಹುಕಾರ್ರೆ, ನಿಮ್ಮ ರಕ್ತ ನೀರು ಹಾಕಿದ ಹಾಲಿನಂಗೆ ತೆಳ್ಳಗಾಗೇತಲ್ರಿ!" ಎಂದನಂತೆ ಕಟಿಂಗ್ ಶಾಪಿನವನು. ಕೂತಿದ್ದವರೆಲ್ಲ ನಕ್ಕರಂತೆ.

ಮಾವನ ತಲೆಯಲ್ಲಿ ಆ ಹಾಲು ಕೂತುಬಿಟ್ಟಿತು. ಆ ನೀರು ಎಂದರೆ ಗುಳಿಗೆಯೇ. ನೀರು ಹಾಕುವುದನ್ನು ಒಂದು ಹೊತ್ತು ನಿಲ್ಲಿಸಿದರೆ ಹಾಲು ಗಟ್ಟಿಯಾಗಲೇಬೇಕಲ್ಲ! ಅಂದಿನಿಂದ ದಾಡಿ ಮಾಡಿಸುವ ದಿನ ಗುಳಿಗೆ ಬಂದ್. ಯಾರಿಗೂ ಹೇಳಲಿಲ್ಲ. ಮೊದಲು ವಾರಕ್ಕೆ ಎರಡು ದಾಡಿ ಇತ್ತು. ಆಮೇಲೆ ಮದುವೆ ಸೀಸನ್ ಬಂತು, ಜವಳಿ ವ್ಯಾಪಾರ ಜೋರಾಯಿತು, ಕಟಿಂಗ್ ಶಾಪಿಗೆ ರಜೆಯಿರುವ ಸೋಮವಾರ ಒಂದು ಬಿಟ್ಟು ದಿನಾ ದಾಡಿ. ಹಾಗಾಗಿ ಗುಳಿಗೆ ಸೋಮವಾರಕ್ಕಷ್ಟೇ ಉಳಿಯಿತು.

ಚೆಕಪ್‌ಗೆ ದಾವಣಗೆರೆಗೆ ಬಂದಾಗ ಡಾಕ್ಟರು ಮಾಮೂಲಿನಂತೆ ಕೇಳಿದರು: "ಗುಳಿಗೆ ದಿನಾ ತಗೊಳ್ತಿದ್ದೀರಾ?"

"ಹೂನ್ರಿ ಮೇಡಂ, ಬರೋಬ್ಬರಿ ತಗೊಂತೀನಿ. ದಾಡಿ ದಿನ ಒಂದು ಬಿಟ್ಟು."

"ದಾಡಿ ದಿನ ಅಂದ್ರೆ?"

"ಈಗ ಸೀಸನ್ ಐತಲ್ರಿ, ದಿನಾ ಅನ್ರಿ."

ಡಾಕ್ಟರು ನಕ್ಕಿದ್ದೋ ಬೈದದ್ದೋ ಇಲ್ಲೇ. ಅವರು ಮುಂದೆ ಹೇಳಿದ್ದನ್ನು ಅತ್ತೆ ಬಾಯಿಪಾಠ ಮಾಡಿಕೊಂಡಿದ್ದಾಳೆ: ಸ್ಟೆಂಟ್ ಇನ್ನೂ ಹೊಸದು. ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಮತ್ತೆ ಅಟ್ಯಾಕ್, ಜೀವಕ್ಕೇ ಕುತ್ತು. ನಿಲ್ಲಿಸುವುದಿದ್ದರೆ ನಾನು ಹೇಳಬೇಕು. ಹಲ್ಲು ಕೀಳಿಸುವುದಿದ್ದರೂ ಮೊದಲು ನನ್ನನ್ನು ಕೇಳಿ. ಕೂಡಲೇ ಇಸಿಜಿ ಮಾಡಿಸಿದರು. ಅದು ಬರುವವರೆಗೆ ಅತ್ತೆ ಮಾವನ ಅಂಗಿಯ ತೋಳು ಬಿಡಲಿಲ್ಲವಂತೆ. ಸದ್ಯ, ಏನೂ ಆಗಿರಲಿಲ್ಲ.

"ಬೇರೆ ಏನಾದ್ರೂ ಗುಳಿಗೆ ತಗೊಳ್ತೀರಾ?"

"ಮಂಡಿನೋವಿಗೆ ಮೆಡಿಕಲ್ ಶಾಪಿಂದ ತಂದು ನುಂಗ್ತಾರ್ರಿ," ಎಂದಳು ಅತ್ತೆ. "ಬ್ಯಾಡ ಅಂದ್ರೆ ಕೇಳಂಗಿಲ್ಲ."

ರಕ್ತ ಅಷ್ಟು ಹೋಗಲು ಅದೂ ಕಾರಣವಿರಬಹುದು ಎಂದು ಡಾಕ್ಟರು ಆ ನೋವಿನ ಗುಳಿಗೆಯನ್ನು ಅಂದೇ ನಿಲ್ಲಿಸಿ, ಮಂಡಿಗೆ ಬೇರೆ ಔಷಧ ಬರೆದರು. ಗೀರು ಬಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಅಥವಾ ಮಲ ಕಪ್ಪಗೆ ಹೋದರೆ, ತಡ ಮಾಡದೆ ಬನ್ನಿ ಎಂದರು.

ಹರಿಹರಕ್ಕೆ ಬಿಡಲು ಹೋಗುವಾಗ ಕಾರಿನಲ್ಲಿ ಕೇಳಿದೆ: "ಯಾಕ ಮಾವಾ, ನನಗಾದ್ರೂ ಹೇಳಬಾರದಿತ್ತಾ?"

"ಹೆಂಗೆ ಹೇಳಾದು? ಹಾರ್ಟಿಗೆ ಹೆದರದೋನು ದಾಡಿಗೆ ಹೆದರಿದ ಅಂತ ಊರೆಲ್ಲಾ ನಗ್ತೀರಿ."

ಅತ್ತೆ ಹಿಂದಿನ ಸೀಟಿನಿಂದ, "ನಗ್ತಿದ್ವಿ. ಆದ್ರೆ ನಿಮ್ಮ ಮುಂದೆ ನಗ್ತಿದ್ವಿ, ಫೋಟೋದ ಮುಂದೆ ಅಳಾದಕ್ಕಿಂತ ಅದೇ ವಾಸಿ" ಎಂದಳು. ಆಮೇಲೆ ಹರಿಹರ ಬರುವವರೆಗೂ ಯಾರೂ ಮಾತಾಡಲಿಲ್ಲ ಎಂದು ನನ್ನ ನೆನಪು. ಮಾವನ ಪ್ರಕಾರ ಅತ್ತೆ ದಾರಿಯುದ್ದಕ್ಕೂ ಮಾತಾಡಿದಳು.

ಗದ್ದಕ್ಕೆ ಗೀರು ಬೀಳದಿರಲೆಂದು ನಾನು ಒಂದು ಟ್ರಿಮ್ಮರ್ ಕೊಂಡುಕೊಟ್ಟೆ. "ಏನಲೇ ಇದು, ಹುಲ್ಲು ಕೊಯ್ಯೋ ಮಷಿನ್ನಾ?" ಎಂದ. ಆದರೂ ಅದನ್ನು ಜೇಬಿನಲ್ಲಿಟ್ಟುಕೊಂಡು ಕಟಿಂಗ್ ಶಾಪಿಗೇ ಹೋಗಿ ಅಲ್ಲಿಯವನ ಕೈಯಲ್ಲೇ ಅದರಿಂದ ಮಾಡಿಸಿಕೊಳ್ಳುತ್ತಾನೆ. ಆ ಕುರ್ಚಿ, ಆ ಹರಟೆ ಬಿಡಲಾಗದು. ಹೊರಡುವ ಮೊದಲು ಅತ್ತೆ ನೀರಿನ ಲೋಟ ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ಮೊದಲು ಗುಳಿಗೆ, ಆಮೇಲೆ ಗದ್ದ. ಎಲ್ಲಿ, ಬಾಯಿ ತೆರೀರಿ ನೋಡಾನ."

ಮುಂದಿನ ಚೆಕಪ್‌ಗೆ ನಾನೂ ಒಳಗೆ ಹೋದೆ. ಡಾಕ್ಟರ ಕಣ್ಣಿಗೆ ಕನ್ನಡಕವಿರಲಿಲ್ಲ. ನನ್ನ ನೆನಪಿನ ಯೋಗ್ಯತೆ ಅಷ್ಟು. ಆದರೆ ಒಂದನ್ನು ಅವರನ್ನೇ ಕೇಳಿ, ಪುಸ್ತಕದಲ್ಲೂ ನೋಡಿ ಖಚಿತಪಡಿಸಿಕೊಂಡೆ. ಮಾವನ ಗುಳಿಗೆಗಳು ರಕ್ತವನ್ನು ತೆಳ್ಳಗೆ ಮಾಡುವುದೇ ಇಲ್ಲ. ಡೆಂಗಿ ಬಂದಾಗ ಎಣಿಸುತ್ತಾರಲ್ಲ ಪ್ಲೇಟ್‌ಲೆಟ್, ಅವು ಒಂದಕ್ಕೊಂದು ಸುಲಭವಾಗಿ ಅಂಟದಂತೆ ಮಾಡುತ್ತವೆ ಅಷ್ಟೆ. ಹಾಗಾದ ಪ್ಲೇಟ್‌ಲೆಟ್ ತಾನು ಸಾಯುವವರೆಗೆ, ವಾರಕ್ಕೂ ಮಿಕ್ಕಿ, ಹಾಗೆಯೇ ಇರುತ್ತದೆ. ದಿನಾ ಹೊಸವು ಹುಟ್ಟುತ್ತಲೇ ಇರುವುದರಿಂದ ಗುಳಿಗೆಯೂ ದಿನಾ ಬೇಕು. ಬೆಳಿಗ್ಗೆಯ ಗುಳಿಗೆ ಬಿಟ್ಟು ಮಾವ ಆ ಕುರ್ಚಿಯಲ್ಲಿ ಕೂತಾಗ, ಅವನ ಗದ್ದದಲ್ಲಿ ಹಿಂದಿನ ದಿನಗಳ ಗುಳಿಗೆ ಇನ್ನೂ ಕೆಲಸ ಮಾಡುತ್ತಲೇ ಇತ್ತು.