ಅಜ್ಜಿಯ ತೊಗಲಿನ ಜೋಡು

ಅಜ್ಜಿ ತೀರಿಕೊಂಡ ಮೇಲೆ ಬ್ಯಾಡಗಿಯ ಮನೆಯಲ್ಲಿ ನನ್ನ ಸೋದರತ್ತೆ ಅವಳ ಟ್ರಂಕು ತೆರೆದರು. ಸೀರೆಗಳ ಅಡಿಯಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಜೊತೆ ತೊಗಲಿನ ಚಪ್ಪಲಿ ಸಿಕ್ಕಿತು. ಹೆಬ್ಬೆರಳಿಗೆ ಉಂಗುರ, ಪಾದದ ಮೇಲೆ ಅಡ್ಡ ಪಟ್ಟಿ, ಪಟ್ಟಿಯ ನಡುವೆ ಮಾಸಿದ ಕೆಂಪು ಗೊಂಡೆ. ಮದುವೆಯಾದ ವರ್ಷ ಅಜ್ಜ ತಂದುಕೊಟ್ಟದ್ದಂತೆ.

“ಸತ್ತವರ ಜೋಡು ಮನ್ಯಾಗ ಇಟ್ಕೋಬಾರ್ದು. ಹೊರಗ ಹಾಕು,” ಎಂದರು ಅತ್ತೆ.

“ನನಗ ಬೇಕು.”

“ನಿನಗ್ಯಾಕವಾ? ಕಾಲೇಜಿಗೆ ಮೆಟ್ಕೊಂಡು ಹೋಗ್ತೀಯೇನು?”

ನನಗೆ ಮೆಟ್ಟಿಕೊಳ್ಳಬೇಕೆಂದೇ ಇತ್ತು. ಧಾರವಾಡದಲ್ಲಿ ಎಂ.ಎ. ಓದುವಾಗ ರಜೆಗೆ ಬಂದರೆ ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ, ಅಜ್ಜಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂರುತ್ತಿದ್ದಳು. ಮಾತಾಡುವುದು ಇಬ್ಬರಿಗೂ ಬರುತ್ತಿರಲಿಲ್ಲ. ಈಗ ಹಾವೇರಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಕೆಲವು ರವಿವಾರ ನನ್ನ ದನಿ ನನಗೆ ಕೇಳುವುದು ಹಾಲಿನವನಿಗೆ ‘ಅರ್ಧ ಲೀಟರ್’ ಅನ್ನುವಾಗ ಮಾತ್ರ. ಅವಳ ಪಾದ ಸವೆಸಿದ ಜಾಗದಲ್ಲಿ ನನ್ನ ಪಾದ ಇಟ್ಟು ನಡೆಯಬೇಕು ಅನ್ನಿಸಿತ್ತು. ಅಳತೆ ಸರಿಹೊಂದಿತು. ಆದರೆ ಪಟ್ಟಿಗಳು ಕಪ್ಪಾಗಿ, ಒಣಗಿ, ಬಿರುಕುಬಿಟ್ಟಿದ್ದವು.

ನಾನು ಪಾಠ ಹೇಳುವ ಕಾಲೇಜು ರಾಣೆಬೆನ್ನೂರಿನಲ್ಲಿದೆ. ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ಒಂದು ಬೆಳಿಗ್ಗೆ ಕೊಟ್ಟು, ತಳ ಹಾಗೇ ಇರಲಿ, ಪಟ್ಟಿ ಎರಡೂ ಹೊಸದು ಹಾಕಿ ಎಂದೆ. ಸಂಜೆ ಹೋದಾಗ ಒಂದು ಮುಗಿದಿತ್ತು. ಇನ್ನೊಂದನ್ನು ಅವರು ತಿರುವಿ ತಿರುವಿ ನೋಡುತ್ತಿದ್ದರು.

“ಯಾರದ್ರಿ ಇದು?”

“ನಮ್ಮ ಅಜ್ಜೀದ್ರಿ.”

“ಅಜ್ಜಿ ಇದನ್ನ ಕಾಲಾಗ ಹಾಕಿಲ್ಲ ಬಿಡ್ರಿ. ಹಿಮ್ಮಡ ನೋಡ್ರಿ, ಒಂದು ಗೀರಿಲ್ಲ. ಪಟ್ಟಿ ಮಾತ್ರ ಕರ್ರಗಾಗೇತಿ. ಇದು ಕೈಬೆವರು. ಕೈಯಾಗ ಹಿಡಕೊಂಡು ಅಡ್ಡಾಡ್ಯಾರ.”

ತಳದ ಬಣ್ಣ ಕಂದಿದ್ದನ್ನು ನಾನು ಸವೆತ ಅಂದುಕೊಂಡಿದ್ದೆ. ಅಲ್ಲೇ ನಿಂತು ಅತ್ತೆಗೆ ಫೋನ್ ಮಾಡಿದೆ.

“ಖರೇ ಐತಿ,” ಎಂದರು. “ಆಗ ನಾವಿದ್ದ ಕದರಮಂಡಲಗ್ಯಾಗ ಸೊಸೆಯಂದ್ರು ಹಿರ್ಯಾರ ಮುಂದ ಜೋಡು ಮೆಟ್ಟೂಹಂಗಿರಲಿಲ್ಲ. ಸೆರಗಿನಾಗ ಮುಚ್ಕೊಂಡು ಒಯ್ದು, ಊರು ದಾಟಿ ಮೆಟ್ಕೋಬೇಕು. ದಾಟಿದ್ರ ಹಾದ್ಯಾಗ ಮಾವ ಬರ್ತಿದ್ದ, ಇಲ್ಲಂದ್ರ ಮಾವನ ಅಣ್ಣ. ಹೊಲ ಮುಟ್ಟಿದ್ರ ಭೂಮಿತಾಯಿ. ಅವ್ವ ಮೆಟ್ಟೂದರ ಯಾವಾಗ?” ಅತ್ತೆ ನಕ್ಕರು.

“ಮತ್ತ ದಿನಾ ಯಾಕ ಒಯ್ತಿದ್ಲು?”

“ಬಿಟ್ಟು ಹೋದ್ರ ಅಪ್ಪ ಸಿಟ್ಟಾಗ್ತಿದ್ದ. ನಾ ತಂದದ್ದು ಮನಸಿಗೆ ಬಂದಿಲ್ಲೇನು ಅಂತಿದ್ದ.”

ಫೋನ್ ಇಟ್ಟು, ಕತ್ತರಿಸಿ ತೆಗೆದ ಹಳೆಯ ಪಟ್ಟಿ ಕೊಡಿ ಎಂದೆ. ಅವರು ಪಕ್ಕದ ತೊಗಲಿನ ತುಂಡುಗಳ ರಾಶಿ ಕೆದರಿದರು. ನಾನೂ ಕುಕ್ಕರುಗಾಲಿನಲ್ಲಿ ಕೂತು ಹುಡುಕಿದೆ. ಅಂದು ಬಿಚ್ಚಿದ ಪಟ್ಟಿಗಳು ಹಲವು, ಎಲ್ಲವೂ ಕಪ್ಪು. ಕಡೆಗೆ ಅವರು ಒಂದನ್ನು ಎತ್ತಿ ಹಿಡಿದರು.

“ಇದ ಇರಬೇಕ್ರಿ.”

“ಖಾತ್ರಿ ಏನ್ರಿ?”

ಅವರು ಸ್ವಲ್ಪ ಹೊತ್ತು ನೋಡಿ, “ಇಲ್ರಿ,” ಎಂದು ಮತ್ತೆ ರಾಶಿಗೆ ಹಾಕಿ, ಉಳಿದ ಚಪ್ಪಲಿಯನ್ನು ಕೈಗೆತ್ತಿಕೊಂಡರು. “ಇದಕ್ಕೂ ಹೊಸಾದು ಹಾಕ್ಲ್ಯಾ?”

“ಬ್ಯಾಡ್ರಿ.”

ಹಾವೇರಿಯ ಬಸ್ಸಿನಲ್ಲಿ ಹೊಸ ಪಟ್ಟಿಯ ಚಪ್ಪಲಿಯನ್ನು ಚೀಲಕ್ಕೆ ಹಾಕಿದೆ. ಇನ್ನೊಂದನ್ನು, ಪಟ್ಟಿ ಎಲ್ಲಿ ಹೆಚ್ಚು ಕಪ್ಪಾಗಿತ್ತೋ ಅಲ್ಲಿ ಬೆರಳು ಇಟ್ಟು ಹಿಡಿದುಕೊಂಡೆ. ಪಕ್ಕದ ಹೆಂಗಸು ಸೀರೆಯ ನಿರಿಗೆ ಎಳೆದುಕೊಂಡು ಆಚೆ ಸರಿದಳು. ಸೆರಗಿನೊಳಗೆ ಅಜ್ಜಿ ಹೀಗೇ ಹಿಡಿಯುತ್ತಿದ್ದಳೇ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.